ಮ್ಯಾಟ್ ಹತ್ತುವ ಮುನ್ನ

ತಮ್ಮಾ, ಮುಶಿಗೇರಿಯ ಖಾಡಾದಲ್ಲಿ ನಿನ್ನ ಜೋಡಿಗೆ ನಿಲ್ಲುವವರು ಈಗ ಯಾರೂ ಉಳಿದಿಲ್ಲ. ಸುತ್ತಲಿನ ಊರುಗಳ ಜಾತ್ರೆಯಲ್ಲೂ ನಿನ್ನ ಹೆಸರು ಕೂಗಿದರೆ ಜೋಡಿ ಕಟ್ಟುವ ಹಿರಿಯರು ಎದುರಾಳಿಯನ್ನು ಹುಡುಕಾಡಬೇಕಾಗಿದೆ. ಈ ವರ್ಷ ತಾಲ್ಲೂಕು, ಜಿಲ್ಲೆ ದಾಟಿ ಬೆಳಗಾವಿ ವಿಭಾಗ, ಆಮೇಲೆ ರಾಜ್ಯ ಮಟ್ಟದ ಮ್ಯಾಟ್ ಕುಸ್ತಿಗೆ ಹೋಗುವ ಆಸೆ ನಿನಗಿದೆ ಎಂದು ನಿಮ್ಮಪ್ಪ ಹೇಳಿದ. ಹೋಗು, ಹೋಗಲೇಬೇಕು. ಹೊರಡುವ ಮುಂಚೆ ಒಂದು ಮಾತು ಕೇಳು. ಇಲ್ಲಿ ನಿನ್ನನ್ನು ಗೆಲ್ಲಿಸುತ್ತಿರುವ ಕೆಲವು ರೂಢಿಗಳೇ ಅಲ್ಲಿ ನಿನ್ನನ್ನು ಸೋಲಿಸುತ್ತವೆ. ಗೆಲ್ಲುತ್ತಿರುವಾಗ ಅವನ್ನು ಬಿಡುವುದು ಕಷ್ಟ, ಬಿಡು ಎಂದು ಹೇಳುವವರೂ ಇರುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ನಮ್ಮ ನಿಕಾಲಿ ಕುಸ್ತಿಗೆ ಗಡಿಯಾರದ ಹಂಗಿಲ್ಲ. ಬೆನ್ನು ಮಣ್ಣಿಗೆ ಹತ್ತಿ ಮುಖ ಆಕಾಶ ನೋಡುವ ತನಕ ಯಾರೂ ಸೋತಂತೆ ಅಲ್ಲ. ಆದ್ದರಿಂದ ನೀನು ಕಾಯುವುದನ್ನು ಕಲಿತಿದ್ದೀಯ. ಎದುರಾಳಿ ಮೇಲೆ ಬಿದ್ದರೆ ಬೋರಲು ಮಲಗಿ, ಮೊಣಕೈ ಪಕ್ಕೆಗೆ ಒತ್ತಿ, ಮಣ್ಣು ಕಚ್ಚಿ ಹಿಡಿದು ದಮ್ಮು ತೆಗೆದುಕೊಳ್ಳುತ್ತೀಯ. ಅವನು ನಿನ್ನನ್ನು ತಿರುವಲು ಹೋಗಿ ಹೋಗಿ ದಣಿಯುತ್ತಾನೆ. ಆಗ ನೀನು ಏಳುತ್ತೀಯ, ಗೆಲ್ಲುತ್ತೀಯ. ಜಾತ್ರೆಯ ಜನ ಅದಕ್ಕೇ ನಿನಗೆ ಸೀಟಿ ಹೊಡೆಯುವುದು.

ಮ್ಯಾಟ್ ಮೇಲೆ ಹೀಗೆ ಮಲಗಿದರೆ ಏನಾಗುತ್ತದೆ ಲೆಕ್ಕ ಹಾಕು. ನಿನ್ನನ್ನು ಕೆಳಗೆ ಕೆಡವಿ ಹಿಂದೆ ಬಂದವನಿಗೆ ಅಲ್ಲೇ 2 ಪಾಯಿಂಟ್. ನೀನು ಬೋರಲು ಮಲಗಿ ದಮ್ಮು ತೆಗೆದುಕೊಳ್ಳುವಷ್ಟರಲ್ಲಿ ಅವನು ನಿನ್ನ ಎರಡೂ ಹರಡುಗಳನ್ನು ಹೆಣೆದು ಹಿಡಿದು ಒಂದು ಸಲ ಉರುಳಿಸುತ್ತಾನೆ. ಬೆನ್ನು ಕ್ಷಣ ಹೊತ್ತು ಮ್ಯಾಟ್ ಕಡೆ ತಿರುಗಿದರೆ ಸಾಕು, ಇನ್ನೆರಡು. ಹಿಡಿತ ಬಿಡದೆ ನಾಲ್ಕು ಉರುಳು ಉರುಳಿಸಿದರೆ ಎಂಟು. ಮೊದಲಿನ ಎರಡೂ ಸೇರಿ ಹತ್ತು. ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟಿನ ಅಂತರವಾದರೆ ಕುಸ್ತಿ ಅಲ್ಲಿಗೇ ಮುಗಿಯಿತು. ನಿನ್ನ ಬೆನ್ನು ಒಮ್ಮೆಯೂ ನೆಲಕ್ಕೆ ಅಂಟಿ ನಿಂತಿರುವುದಿಲ್ಲ, ದಮ್ಮು ಇನ್ನೂ ಪೂರ್ತಿ ಇರುತ್ತದೆ, ಆದರೆ ರೆಫ್ರಿ ಅವನ ಕೈ ಎತ್ತಿರುತ್ತಾನೆ. ಊರಲ್ಲಿ ಹುಲಿಯಾಗಿದ್ದ ಎಷ್ಟೋ ಹುಡುಗರು ಮೊದಲ ಮ್ಯಾಟ್ ಕುಸ್ತಿಯಲ್ಲಿ ಹೀಗೆಯೇ ಒಂದು ನಿಮಿಷದೊಳಗೆ ಹೊರಬರುವುದನ್ನು ನೋಡಿದ್ದೇನೆ. ಅವರಲ್ಲಿ ಬಲ ಇತ್ತು. ಮಲಗಿ ಕಾಯುವ ರೂಢಿ ಅವರನ್ನು ಕೆಡಿಸಿತು.

ಆದ್ದರಿಂದ ಇವತ್ತಿನಿಂದಲೇ, ತಾಲೀಮಿನಲ್ಲಿ ಜೊತೆಗಾರನೊಡನೆ ಜೋರು ಮಾಡುವಾಗ, ಕೆಳಗೆ ಬಿದ್ದ ತಕ್ಷಣ ಏಳುವುದನ್ನು ಅಭ್ಯಾಸ ಮಾಡು. ಬೀಳುವುದು, ಕಾಲು ಬಿಡಿಸಿಕೊಳ್ಳುವುದು, ಮೊಣಕಾಲ ಮೇಲೆ ಬರುವುದು, ತಿರುಗಿ ಎದುರಾಗುವುದು. ಇದು ನೋಡುವವರಿಗೆ ಚೆಂದ ಕಾಣುವ ಪಟ್ಟಲ್ಲ, ಯಾರೂ ಶಾಬಾಸ್ ಅನ್ನುವುದಿಲ್ಲ. ಆದರೂ ಆರು ತಿಂಗಳು ಇದೊಂದನ್ನೇ ಮಾಡಿದರೂ ನಷ್ಟವಿಲ್ಲ.

ಎರಡನೆಯದು ನಿಲುವು. ಮಣ್ಣಿನಲ್ಲಿ ನೀನು ನೆಟ್ಟಗೆ ನಿಂತು ಕುತ್ತಿಗೆಗೆ ಕೈ ಹಾಕುತ್ತೀಯ. ಮಣ್ಣಿನಲ್ಲಿ ಕಾಲು ಜಾರುತ್ತದೆ, ಎದುರಾಳಿ ನಿನ್ನ ಕಾಲಿಗೆ ಬರುವಷ್ಟರಲ್ಲಿ ಸರಿದುಕೊಳ್ಳಲು ಹೊತ್ತು ಸಿಗುತ್ತದೆ. ಮ್ಯಾಟ್ ಮೇಲೆ ಬೂಟು ಕಚ್ಚಿ ಹಿಡಿಯುತ್ತದೆ, ಅವನು ರಪ್ಪನೆ ಮೊಣಕಾಲಿಗೆ ಬರುತ್ತಾನೆ. ಸೊಂಟ ಇಳಿಸಿ ನಿಲ್ಲು, ಕಾಲು ಹಿಂದಿಡು. ಅದೇ ಬೂಟು ನಿನ್ನ ಮೊಣಕಾಲನ್ನೂ ತಿರುಚಬಲ್ಲದು. ಮಣ್ಣಿನಲ್ಲಿ ಜಾರಿ ಉಳಿಯುತ್ತಿದ್ದ ಕಾಲು ಅಲ್ಲಿ ಜಾರುವುದಿಲ್ಲ. ಬೈಠಕ್ ಹೊಡೆಯುವುದನ್ನು ಬಿಡಬೇಡ, ಜೊತೆಗೆ ಒಂಟಿಕಾಲ ಕಸರತ್ತು ಸೇರಿಸು.

ಹೊತ್ತಿನ ಲೆಕ್ಕ ತಲೆಯಲ್ಲಿರಲಿ. 17 ವರ್ಷದೊಳಗಿನವರಿಗೆ 2 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ದೊಡ್ಡವರಿಗೆ 3 ನಿಮಿಷದ ಎರಡು ಸುತ್ತು. 9 ಮೀಟರ್ ಅಗಲದ ವೃತ್ತದಿಂದ ಕಾಲು ಹೊರಗಿಟ್ಟರೆ ಎದುರಾಳಿಗೆ 1 ಪಾಯಿಂಟ್. ಸುಮ್ಮನೆ ಕೈ ಹಿಡಿದು ತಳ್ಳಾಡುತ್ತ ಕಾಲ ಕಳೆದರೆ ರೆಫ್ರಿ ಎಚ್ಚರಿಸುತ್ತಾನೆ, ಆಮೇಲೆ 30 ಸೆಕೆಂಡ್ ಕೊಡುತ್ತಾನೆ. ಅಷ್ಟರಲ್ಲಿ ಇಬ್ಬರಲ್ಲಿ ಯಾರೂ ಪಾಯಿಂಟ್ ಗಳಿಸದಿದ್ದರೆ ಆಗಲೂ 1 ಪಾಯಿಂಟ್ ಎದುರಾಳಿಯ ಲೆಕ್ಕಕ್ಕೇ ಹೋಗುತ್ತದೆ. ಇವನ್ನು ಬಾಯಿಪಾಠ ಮಾಡಿದರೆ ಸಾಲದು, ಮೈಗೆ ಗೊತ್ತಾಗಬೇಕು. ಮೊಬೈಲಿನಲ್ಲಿ 2 ನಿಮಿಷದ ಗಂಟೆ ಇಟ್ಟುಕೊಂಡು ಜೋರು ಮಾಡಿ.

ಖಾಶಾಬಾ ಜಾಧವರ ಹೆಸರು ನೀನು ಕೇಳಿರಬೇಕು. ಕರಾಡದ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯವರು, ಕೊಲ್ಲಾಪುರದಲ್ಲಿ ಓದಿದವರು, ನಿನ್ನಂತೆ ಮಣ್ಣಿನಲ್ಲೇ ಬೆಳೆದವರು. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಕುಸ್ತಿಯೂ ಅದರ ನಿಯಮಗಳೂ ಅವರಿಗೆ ಹೊಸವು. ಆರನೆಯ ಸ್ಥಾನ ಬಂತು. ನಮ್ಮ ಕಡೆಯ ಪೈಲ್ವಾನರಾದರೆ ಎಷ್ಟೋ ಜನ ಅಲ್ಲಿಗೇ ಮುಗಿಸಿ, ಲಂಡನ್ನಿಗೆ ಹೋಗಿ ಬಂದೆ ಎಂಬ ಹೆಸರಿನ ಮೇಲೆ ಹತ್ತು ವರ್ಷ ಜಾತ್ರೆ ಮಾಡುತ್ತಿದ್ದರು. ಜಾಧವರು ಹಾಗೆ ಮಾಡಲಿಲ್ಲ. ನಾಲ್ಕು ವರ್ಷ ಆ ಆಟಕ್ಕೇ ಮೈ ಒಗ್ಗಿಸಿದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲದಾಗ ಊರವರು ಕೂಡಿಸಿ ಕೊಟ್ಟರು, ಅವರು ಓದಿದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆ ಇಟ್ಟು ಏಳು ಸಾವಿರ ರೂಪಾಯಿ ಕೊಟ್ಟರು. ಅಲ್ಲಿ ಅವರು ತಂದ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ನಾನು ನಿನಗೆ ತೋರಿಸಬೇಕೆಂದಿರುವುದು ಆ ಪದಕಕ್ಕಿಂತ ಆರನೆಯ ಸ್ಥಾನವನ್ನು. ಅದನ್ನು ಅವಮಾನ ಎಂದುಕೊಳ್ಳದೆ ಪಾಠ ಎಂದು ತೆಗೆದುಕೊಂಡರಲ್ಲ, ಅದನ್ನು ನೋಡು.

ಅಷ್ಟು ದೂರ ಬೇಡ ಎಂದರೆ ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯನ್ನು ನೋಡು. 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದ. ಅದೂ ಗ್ರೀಕೋ ರೋಮನ್ ಶೈಲಿಯಲ್ಲಿ. ಅದರಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲಿನ ಪಟ್ಟು ಒಂದೂ ಇಲ್ಲ. ನಮ್ಮ ಕಡೆಯ ಕುಸ್ತಿಯಲ್ಲಿ ಅರ್ಧ ವಿದ್ಯೆಯೇ ಕಾಲಿನದು. ಈ ಭಾಗದ ಹುಡುಗನೊಬ್ಬ ಆ ಅರ್ಧವನ್ನು ಪಕ್ಕಕ್ಕಿಟ್ಟು ಏಷ್ಯಾ ಮಟ್ಟಕ್ಕೆ ಏರಿದ್ದಾನೆ. ನಿನಗೂ ಆಗುತ್ತದೆ.

ಹಾಗೆಂದು ಮಣ್ಣನ್ನು ಕೀಳಾಗಿ ಕಾಣಬೇಡ. ನಿನ್ನ ಕುತ್ತಿಗೆಯ ಬಲ, ಮುಂಗೈ ಹಿಡಿತ, ದಣಿದ ಮೇಲೂ ನಿಲ್ಲುವ ಗಟ್ಟಿತನ ಎಲ್ಲವೂ ಕೆಮ್ಮಣ್ಣು ಕೊಟ್ಟದ್ದು, ಮ್ಯಾಟ್‌ನಲ್ಲೇ ಬೆಳೆದ ಹುಡುಗರಲ್ಲಿ ಅದು ಅಷ್ಟು ಸುಲಭವಾಗಿ ಬರುವುದಿಲ್ಲ. ಢಾಕ ಹಾಕುವುದರಲ್ಲಿ ಜಾಧವರೂ ಹೆಸರಾಗಿದ್ದರು. ಅದು ಮಣ್ಣಿನಲ್ಲಿ ಕಲಿತ ಪಟ್ಟೇ.

ಇನ್ನು ಸೋಲಿನ ಮಾತು. ಈಗ ನಿನಗೆ ಬೇಕಾಗಿರುವುದು ನಿನ್ನನ್ನು ಸೋಲಿಸುವವರ ಸಹವಾಸ. ವಾರಕ್ಕೊಮ್ಮೆಯಾದರೂ ಗದಗಿಗೆ ಹೋಗಿ ಮ್ಯಾಟ್ ಮೇಲೆ ನಿನಗಿಂತ ಮುಂದಿರುವವರ ಜೊತೆ ಜೋರು ಮಾಡು. ಅಲ್ಲಿ ನಿನ್ನ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ನಿನಗಿಂತ ಸಣ್ಣ ಹುಡುಗ ನಿನ್ನನ್ನು ಎತ್ತಿ ಹಾಕಬಹುದು. ಹಾಕಲಿ. ಯಾವ ಪಟ್ಟು ಹಾಕಿದ ಎಂದು ಅವನನ್ನೇ ಕೇಳು, ಬಂದು ಬರೆದಿಟ್ಟುಕೊ. ಸೋತು ಬಂದ ವಾರವೇ ಮನಸ್ಸಿನ ಸಮಾಧಾನಕ್ಕೆಂದು ಇನ್ಯಾವುದೋ ಜಾತ್ರೆಗೆ ಹೋಗಿ ಗೆದ್ದು ಬರಬೇಡ. ಜಾತ್ರೆಯಲ್ಲಿ ಗೆದ್ದವರಿಗೆ ಸಿಗುವ ಬೆಳ್ಳಿ ಕಡಗದ ಆಸೆ ನನಗೆ ಅರ್ಥವಾಗುತ್ತದೆ, ಮನೆಯ ಖರ್ಚಿಗೆ ಬಹುಮಾನದ ದುಡ್ಡು ಬೇಕಾಗಿರುವುದೂ ಗೊತ್ತು. ಆಯ್ಕೆ ಪಂದ್ಯಕ್ಕೆ ಒಂದು ತಿಂಗಳಿರುವಾಗ ಮಾತ್ರ ಯಾವ ಜಾತ್ರೆಯೂ ಬೇಡ. ತೂಕ ನೋಡದೆ ಕಣ್ಣಳತೆಯಲ್ಲಿ ಕಟ್ಟಿದ ಜೋಡಿಯಲ್ಲಿ ನಿನಗಿಂತ ಹತ್ತು ಕೆ.ಜಿ. ಹೆಚ್ಚಿರುವವನು ಮೈಮೇಲೆ ಬಿದ್ದರೆ ವರ್ಷವೇ ಹೋಯಿತು. ಹೆಸರು ಬೆಳೆ ಕೀಳುವ ದಿನಗಳಲ್ಲಿ ಹೊಲದ ಕೆಲಸ ತಪ್ಪಿಸು ಎಂದು ನಾನು ಹೇಳುವುದಿಲ್ಲ. ಆ ಹದಿನೈದು ದಿನ ತಾಲೀಮು ಕಡಿಮೆ ಮಾಡು, ನಿದ್ದೆ ಕಡಿಮೆ ಮಾಡಬೇಡ.

ತೂಕದ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಫೈನಲ್ ತಲುಪಿದ ಮೇಲೆ 2024ರ ಆಗಸ್ಟ್ 7ರ ಬೆಳಿಗ್ಗೆ 50 ಕೆ.ಜಿ. ಮೇಲೆ 100 ಗ್ರಾಂ ಹೆಚ್ಚಾಗಿ ಪದಕವೇ ಹೋಯಿತು. ಅದೇ ಪ್ಯಾರಿಸ್‌ನಲ್ಲಿ ಅಮನ್ ಸೆಹ್ರಾವತ್ ರಾತ್ರಿಯಿಡೀ ನಿದ್ದೆಗೆಟ್ಟು ನಾಲ್ಕೂವರೆ ಕೆ.ಜಿ.ಗೂ ಹೆಚ್ಚು ಇಳಿಸಿ 57 ಕೆ.ಜಿ.ಯ ಕಂಚು ಗೆದ್ದ. ಅವರ ಹಿಂದೆ ವೈದ್ಯರು, ತರಬೇತುದಾರರು ಇದ್ದರು. ನಿನ್ನ ವಯಸ್ಸಿನಲ್ಲಿ ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಓಡುವುದು, ನೀರು ಬಿಡುವುದು ಬೇಡವೇ ಬೇಡ. ಮೈ ಬೆಳೆಯುತ್ತಿದೆ, ಮೇಲಿನ ತೂಕದಲ್ಲೇ ಆಡು. ಸೋತರೆ ಸೋಲು, ಮುಂದಿನ ವರ್ಷ ಆ ತೂಕ ನಿನ್ನದೇ. ಜೋಳದ ರೊಟ್ಟಿ, ಮೊಳಕೆ ಹೆಸರುಕಾಳು, ಶೇಂಗಾ, ಹಾಲು, ತತ್ತಿ ಸಾಕು. ಯಾರೋ ಕೊಟ್ಟ ಪುಡಿಯ ಡಬ್ಬಿ ಮುಟ್ಟಬೇಡ; ಮದ್ದಿನ ಪರೀಕ್ಷೆಯಲ್ಲಿ ಸಿಕ್ಕರೆ ಗೊತ್ತಿರಲಿಲ್ಲ ಎಂದರೂ ಹೊಣೆ ನಿನ್ನದೇ. ವಯಸ್ಸಿನ ದಾಖಲೆ ತಿದ್ದಿಸಿಕೊಡುತ್ತೇನೆ ಎನ್ನುವವರೂ ಬರುತ್ತಾರೆ. ಅವರನ್ನು ಮನೆಯ ಬಾಗಿಲಲ್ಲೇ ತಿರುಗಿಸಿ ಕಳಿಸು.

ನಿನ್ನ ತಂಗಿ ಖಾಡಾದ ಅಂಚಿನಲ್ಲಿ ನಿಂತು ನಿನ್ನ ಪಟ್ಟುಗಳನ್ನು ನೋಡುವುದನ್ನು ಗಮನಿಸಿದ್ದೇನೆ. ನಮ್ಮ ಎಷ್ಟೋ ಊರುಗಳಲ್ಲಿ ಹೆಣ್ಣುಮಕ್ಕಳನ್ನು ಖಾಡಾಕ್ಕೆ ಇಳಿಸಲಿಲ್ಲ, ಅದು ನ್ಯಾಯವಲ್ಲ. ಮ್ಯಾಟ್‌ಗೆ ಆ ತಕರಾರಿಲ್ಲ. ಗದಗಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗು, ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಒಂದು ಸಣ್ಣ ಮಾತು ಬಾಕಿ ಇದೆ. ಮ್ಯಾಟ್ ಮೇಲೆ ಹತ್ತಾರು ಜನರ ಬೆವರು ಬೀಳುತ್ತದೆ, ಹುಳುಕಡ್ಡಿ ಬೇಗ ಅಂಟುತ್ತದೆ. ಮುಗಿದ ಕೂಡಲೇ ಸಾಬೂನು ಹಚ್ಚಿ ಸ್ನಾನ ಮಾಡು, ಇನ್ನೊಬ್ಬರ ಟವೆಲ್ ಬೇಡ, ಉಗುರು ಕತ್ತರಿಸಿಕೊ. ಬೂಟು ಹೊಸದನ್ನೇ ಕೊಳ್ಳಬೇಕಿಲ್ಲ, ಕಾಲಿಗೆ ಬಿಗಿಯಾಗಿ ಕೂತರೆ ಹಳೆಯದೂ ಆದೀತು. ಮೊದಲ ಸಲ ಹೋಗುವ ದಿನ ಹೇಳು, ನಾನೂ ಬರುತ್ತೇನೆ.