ಚೀಟಿ ಮೂರು, ಹೊಟ್ಟೆ ಒಂದೇ

ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಬಾಯಿ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಕ್ಕೆರಡು ಸಲ ಸೆಲೆಕಾಕ್ಸಿಬ್ ಬರೆದಿದ್ದಾರೆ. ಬಿ.ಪಿ., ಸಕ್ಕರೆ ಕಾಯಿಲೆಗೆ ಹಾಸನದ ವೈದ್ಯರ ಮಾತ್ರೆ ಮೊದಲಿನಿಂದಲೂ ಇದೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರುತ್ತಾರೆ. ಎಲ್ಲವನ್ನೂ ಒಟ್ಟಿಗೆ ನುಂಗಬಹುದೇ? ಯಾರನ್ನು ಕೇಳಬೇಕು?
– ಓದುಗರು, ಸಾಲಗಾಮೆ

ಉತ್ತರ: ವೈದ್ಯರ ಚೀಟಿಗಳನ್ನು ಬಿಡಿಬಿಡಿಯಾಗಿ ನೋಡಿದರೆ ತಪ್ಪೇನೂ ಕಾಣದು. ಎಲ್ಲವೂ ಒಂದೇ ಹೊಟ್ಟೆಗೆ ಹೋದಾಗ ಏನಾಗುತ್ತದೆಂದು ಯಾರೂ ನೋಡದಿರುವುದೇ ಅಪಾಯ. ಸೆಲೆಕಾಕ್ಸಿಬ್ ಕೂಡ ನೋವಿನ ಮಾತ್ರೆಯ ಜಾತಿಯದೇ. ಅದರ ಮೇಲೆ ಡೈಕ್ಲೋಫೆನಾಕ್ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಹೆಚ್ಚು. ಮೆಥೊಟ್ರೆಕ್ಸೇಟ್ ಮುಖ್ಯವಾಗಿ ಹೊರಹೋಗುವುದು ಅಲ್ಲಿಂದಲೇ. ಹೋಗದಿದ್ದರೆ ರಕ್ತದಲ್ಲಿ ಉಳಿದು ಬಾಯಿಹುಣ್ಣು, ಭೇದಿ ತರುತ್ತದೆ, ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ಬಾಯಿ ಕ್ಯಾನ್ಸರ್ ಇರುವವರಲ್ಲಿ ಈ ಹುಣ್ಣನ್ನು ಕಾಯಿಲೆಯೇ ಉಲ್ಬಣಿಸಿತೆಂದು ತಿಳಿದು ಮನೆಯವರು ಕೈಚೆಲ್ಲುವುದುಂಟು. ಸೊರಗಿದ ಹಿರಿಯರಲ್ಲಿ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಸರಿಯಿದ್ದರೂ ಮೂತ್ರಪಿಂಡದ ಶಕ್ತಿ ಕುಗ್ಗಿರಬಹುದು. ಉರಿಮೂತ್ರಕ್ಕೆಂದು ಯಾರಾದರೂ ಸೆಪ್ಟ್ರಾನ್ ಮಾತ್ರೆ ಕೊಟ್ಟರೆ ಮೆಥೊಟ್ರೆಕ್ಸೇಟ್‌ನ ಈ ತೊಂದರೆ ಇನ್ನೂ ಬಿಗಡಾಯಿಸುತ್ತದೆ. ಇನ್ನು ಸಕ್ಕರೆ ಮಾತ್ರೆ: ಬಾಯಿನೋವಿಗೆ ಊಟ ಅರ್ಧಕ್ಕಿಳಿದರೂ ಗ್ಲಿಮೆಪಿರೈಡ್‌ನಂಥ ಮಾತ್ರೆ ಹಳೆಯ ಲೆಕ್ಕದಲ್ಲೇ ನಡೆದರೆ ಸಕ್ಕರೆ ದಿಢೀರನೆ ಇಳಿದು ಅವರು ಬೀಳಬಹುದು. ತೂಕ ಇಳಿದವರಿಗೆ ಬಿ.ಪಿ. ಮಾತ್ರೆಯೂ ಹೆಚ್ಚಾದೀತು.

ಹಾಗೆಂದು ಕ್ಯಾನ್ಸರ್ ಮದ್ದನ್ನು ನೀವಾಗಿ ಬಿಡಿಸಬೇಡಿ. ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್ ಜೋಡಿಯನ್ನು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿದ್ದಾರೆ. ಕಡಿಮೆ ಖರ್ಚಿನ ಒಳ್ಳೆಯ ಚಿಕಿತ್ಸೆ ಇದು. ವೈದ್ಯರೇ ಮಾತ್ರೆ ಕಡಿಮೆ ಮಾಡಿದರೂ ಆಯಸ್ಸು ಕಡಿಮೆಯಾಗದೇ ಎಂಬ ಭಯ ಸಹಜ. ಅಮೆರಿಕದಲ್ಲಿ 70 ದಾಟಿದ, ಕ್ಯಾನ್ಸರ್ ಬಲಿತ 718 ಜನರ ಅಧ್ಯಯನ 2021ರಲ್ಲಿ ಹೊರಬಂತು. ರೋಗಿಯ ನಡಿಗೆ, ನೆನಪು, ಊಟ, ನುಂಗುವ ಅಷ್ಟೂ ಔಷಧಿ ಇವನ್ನೆಲ್ಲ ಅಳೆದ ವರದಿ, ಸಲಹೆಗಳೊಂದಿಗೆ ಕ್ಯಾನ್ಸರ್ ವೈದ್ಯರ ಕೈಸೇರಿದ ಕಡೆ ತೀವ್ರ ಅಡ್ಡಪರಿಣಾಮ ಶೇ 51 ಮಂದಿಗೆ, ಉಳಿದೆಡೆ ಶೇ 71 ಮಂದಿಗೆ. ಆರು ತಿಂಗಳಲ್ಲಿ ಬದುಕುಳಿದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅಂಥ ತಂಡ ಎಲ್ಲಿದೆ, ವೈದ್ಯರಿಗೆ ಪುರುಸೊತ್ತೆಲ್ಲಿ ಎಂದು ನೀವು ಕೇಳಬಹುದು. ಆ ಕೊರಗು ನಿಜ. ಆದರೆ ತಂಡಕ್ಕೆ ಬೇಕಾದವರು ಆಗಲೇ ಇದ್ದಾರೆ, ಅವರ ನಡುವೆ ಮಾತಿಲ್ಲ ಅಷ್ಟೇ. ಮನೆಯಲ್ಲಿರುವ ಮಾತ್ರೆ, ಟಾನಿಕ್, ನಾಟಿ ಮದ್ದು, ಕಷಾಯದ ಪುಡಿ ಎಲ್ಲವನ್ನೂ ಕೈಚೀಲಕ್ಕೆ ಹಾಕಿ, ಹಾಸನದ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಬೈದಾರೆಂದು ನಾಟಿ ಮದ್ದನ್ನು ಮುಚ್ಚಿಡಬೇಡಿ. ಅವರು ಬರೆದುಕೊಟ್ಟ ಒಂದೇ ಪಟ್ಟಿಯನ್ನು ಬೆಂಗಳೂರಿಗೆ ಫೋನಿನಲ್ಲಿ ಕಳಿಸಿ ಒಪ್ಪಿಗೆ ಪಡೆಯಿರಿ. ಮುಂದೆ ಫಾರ್ಮಸಿಸ್ಟ್ ಹೊಸ ಮಾತ್ರೆ ಕೊಡುವುದಾದರೆ ಆ ಪಟ್ಟಿ ನೋಡಿಯೇ ಕೊಡಲಿ.

ಡೈಕ್ಲೋಫೆನಾಕ್ ಇವತ್ತೇ ನಿಲ್ಲಲಿ. ಮಂಡಿಗೆ ಬದಲಿ ಏನೆಂದು ವೈದ್ಯರನ್ನು ಕೇಳಿ. ಮೆಥೊಟ್ರೆಕ್ಸೇಟ್ ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ವಾರದ ಯಾವ ದಿನವೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದು ಬೇರೆಯೇ ಇಡಿ. ಜ್ವರ, ಭೇದಿ, ಹೊಸ ಬಾಯಿಹುಣ್ಣು ಕಂಡರೆ ಬೆಂಗಳೂರಿನ ಮುಂದಿನ ತಾರೀಖಿಗೆ ಕಾಯದೆ, ಅಂದೇ ಹಾಸನಕ್ಕೆ ಕರೆತಂದು ರಕ್ತಪರೀಕ್ಷೆ ಮಾಡಿಸಿ.