ಮಕ್ಕಳ ಆತಂಕವೂ ಶರಣರ ಅಭಯವೂ

ಮಾಘ ಕಳೆದು ಫಾಲ್ಗುಣ ಬಂದಿತೆಂದರೆ ಪರೀಕ್ಷೆಯ ಕಾಲ ಸಮೀಪಿಸಿತೆಂದು ಅರ್ಥ. ಆಗ ಎಷ್ಟೋ ಮನೆಗಳಲ್ಲಿಯೂ ಮಠಗಳ ಪ್ರಸಾದನಿಲಯಗಳಲ್ಲಿಯೂ ಒಂದೇ ಬಗೆಯ ನೋಟ ಕಾಣುವುದು. ಹತ್ತನೆಯ ತರಗತಿಯ ಹುಡುಗನು ಬೆಳಗಾಗುತ್ತಲೇ ಹೊಟ್ಟೆ ಹಿಡಿದುಕೊಂಡು ಕುಳಿತುಬಿಡುವನು. ಶಾಲೆಗೆ ರಜೆಯಿದ್ದ ದಿನ ಆ ನೋವು ಇರುವುದಿಲ್ಲ. ನಿನ್ನೆಯವರೆಗೆ ಲವಲವಿಕೆಯಿಂದಿದ್ದ ಹುಡುಗಿಯು ರಾತ್ರಿ ನಿದ್ರೆಯಿಲ್ಲದೆ ಹೊರಳಾಡುವಳು. ಓದಿದುದನ್ನೇ ಹತ್ತು ಸಲ ಓದಿದರೂ ಏನೂ ನೆನಪಿಲ್ಲವೆಂದು ಕಣ್ಣೀರಿಡುವಳು.

ಇದನ್ನು ಕಂಡ ಹಿರಿಯರು ಮೂರು ಬಗೆಯಾಗಿ ನುಡಿಯುವುದುಂಟು. ಒಬ್ಬರು ಇದೆಲ್ಲ ನಟನೆ ಎನ್ನುವರು. ಮತ್ತೊಬ್ಬರು, ಏನೂ ಆಗದು, ಸುಮ್ಮನೆ ಓದು ಎನ್ನುವರು. ಇನ್ನು ಕೆಲವರು ಭಕ್ತಿವಂತರು. ಅವರು, ಕೊರಳಲ್ಲಿ ಲಿಂಗವಿರುವಾಗ ನಿನಗೇತರ ಅಂಜಿಕೆ ಎಂದು ಗದರುವರು. ಈ ಮೂರನೆಯ ಮಾತು ಒಳ್ಳೆಯ ಉದ್ದೇಶದಿಂದಲೇ ಬಂದುದು. ಆದರೆ ಅದರ ಫಲವು ವಿಪರೀತವಾದುದು. ಮಗುವಿಗೆ ಮೊದಲು ಇದ್ದುದು ಪರೀಕ್ಷೆಯ ಭಯವೊಂದೇ. ಈಗ ಅದರೊಡನೆ ತನ್ನಲ್ಲಿ ಭಕ್ತಿ ಸಾಲದೆಂಬ ನಾಚಿಕೆಯೂ ಸೇರಿತು. ಅಂದಿನಿಂದ ಮಗುವು ತನ್ನ ಅಂಜಿಕೆಯನ್ನು ಯಾರ ಮುಂದೆಯೂ ಆಡದು. ಆಡದ ಅಂಜಿಕೆಯು ಒಳಗೇ ಬೆಳೆಯುವುದು.

ಹಾಗಾದರೆ ಶರಣಧರ್ಮವು ಅಂಜಬಾರದೆಂದು ಮಗುವಿಗೆ ಕಟ್ಟಳೆ ವಿಧಿಸುವುದೇ, ಅಥವಾ ಅಂಜಿದ ಮಗುವಿನ ಕೈಹಿಡಿದು ನಡೆಸುವ ದಾರಿಯನ್ನು ತೋರುವುದೇ? ಇದೇ ಈ ಪಾಠದ ವಿಷಯ.

ಪದವಿಚಾರ

ಆತಂಕವೆಂಬುದು ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದ. ಅಮರಸಿಂಹನು ತನ್ನ ಕೋಶದ ನಾನಾರ್ಥವರ್ಗದಲ್ಲಿ ಇದಕ್ಕೆ ಮೂರು ಅರ್ಥಗಳನ್ನು ಕೊಟ್ಟಿರುವನು. ಮೊದಲನೆಯದು ರುಜೆ, ಅಂದರೆ ದೇಹದ ಬೇನೆ; ಎರಡನೆಯದು ತಾಪ, ಅಂದರೆ ಒಳಗಿನ ಬೇಗೆ; ಮೂರನೆಯದು ಶಂಕೆ, ಅಂದರೆ ಕೇಡು ಬಂದೀತೆಂಬ ಸಂದೇಹ. ಕನ್ನಡದಲ್ಲಿ ನಾಲ್ಕನೆಯ ಅರ್ಥವೊಂದು ಬಳಕೆಯಲ್ಲಿದೆ, ಅದು ಅಡ್ಡಿ. ಕಾರ್ಯಕ್ಕೆ ಆತಂಕ ಬಂದಿತೆಂದರೆ ಕಾರ್ಯವು ನಿಂತಿತೆಂದೇ ತಿಳಿಯಬೇಕು.

ಕೋಶಕಾರನು ವೈದ್ಯನಲ್ಲ. ಆದರೂ ಈ ನಾಲ್ಕು ಅರ್ಥಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಮಗುವಿನಲ್ಲಿ ಆತಂಕವು ಬೆಳೆಯುವ ಬಗೆಯೇ ಕಾಣುವುದು. ದೇಹವು ನೋಯುವುದು, ಮನಸ್ಸು ಬೇಯುವುದು, ಬುದ್ಧಿಯು ಶಂಕಿಸುವುದು, ಕೊನೆಗೆ ಕಾಲು ಮುಂದಕ್ಕೆ ಹೋಗದೆ ನಿಲ್ಲುವುದು. ಒಂದೊಂದಕ್ಕೂ ತಕ್ಕ ಉಪಚಾರವುಂಟು.

ರುಜೆ: ದೇಹದ ಬೇನೆ

ಅಂಜಿದ ಮಗುವಿನ ಹೊಟ್ಟೆನೋವು ನಟನೆಯಲ್ಲ. ಅಮೆರಿಕದ ಶರೀರಶಾಸ್ತ್ರಜ್ಞನಾದ ವಾಲ್ಟರ್ ಕ್ಯಾನನ್ ಎಂಬಾತನು ಭಯ, ಕೋಪ, ಹಸಿವು, ನೋವುಗಳಿಂದ ದೇಹದಲ್ಲಾಗುವ ಮಾರ್ಪಾಡುಗಳನ್ನು ಕುರಿತು ೧೯೧೫ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅಪಾಯದ ಸುಳಿವು ಸಿಕ್ಕೊಡನೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತವು ಹೆಚ್ಚುತ್ತದೆ, ಉಸಿರು ಬಿರುಸಾಗುತ್ತದೆ, ಕೈಕಾಲುಗಳ ಸ್ನಾಯುಗಳಿಗೆ ರಕ್ತವು ಹರಿಯುತ್ತದೆ, ಜೀರ್ಣಕಾರ್ಯವು ಹಿಂದೆ ಬೀಳುತ್ತದೆ. ಓಡುವುದಕ್ಕೋ ಹೋರಾಡುವುದಕ್ಕೋ ದೇಹವು ಮಾಡಿಕೊಳ್ಳುವ ಸಿದ್ಧತೆಯಿದು. ಹುಲಿಯನ್ನು ಕಂಡವನಿಗೆ ಇದರಿಂದ ಉಪಕಾರವಾಗುವುದು. ಪ್ರಶ್ನಪತ್ರಿಕೆಯ ಮುಂದೆ ಕುಳಿತ ಮಗುವಿಗಾದರೋ ಓಡುವ ದಾರಿಯೂ ಇಲ್ಲ, ಹೋರಾಡುವ ಹಗೆಯೂ ಇಲ್ಲ. ಆದಕಾರಣ ಆ ಸಿದ್ಧತೆಯೆಲ್ಲ ಹೊಟ್ಟೆಯ ತೊಳಸು, ಅಂಗೈಯ ಬೆವರು, ನಡುಕಗಳಾಗಿ ಉಳಿಯುವುದು.

ಇದನ್ನು ಮಗುವಿಗೆ ಸರಳವಾಗಿ ತಿಳಿಸಿದರೆ ಅರ್ಧ ಭಾರವು ಇಳಿಯುವುದು. ಎದೆ ಹೊಡೆದುಕೊಳ್ಳುವುದು ಕೇಡಿನ ಗುರುತಲ್ಲ, ದೇಹವು ತನ್ನನ್ನು ಕಾಯಲು ಎಚ್ಚೆತ್ತಿದೆ, ಸ್ವಲ್ಪ ಹೊತ್ತಿಗೆ ತಾನೇ ಶಾಂತವಾಗುವುದು ಎಂಬಷ್ಟು ಮಾತು ಸಾಕು. ಇದರ ಜೊತೆಗೆ ಉಸಿರಾಟದ ಅಭ್ಯಾಸವನ್ನು ಕಲಿಸಬೇಕು. ಮೂರೆಣಿಕೆಯಷ್ಟು ಉಸಿರನ್ನು ಒಳಗೆ ತೆಗೆದುಕೊಂಡು, ಐದಾರೆಣಿಕೆಯಷ್ಟು ನಿಧಾನವಾಗಿ ಹೊರಗೆ ಬಿಡುವುದು. ಹೊರಹೋಗುವ ಉಸಿರು ದೀರ್ಘವಾದಷ್ಟೂ ಎದೆಬಡಿತವು ತಗ್ಗುವುದು. ನಿತ್ಯವೂ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿಯನ್ನು ಅಲ್ಲಿ ನಿಲ್ಲಿಸುವ ಮಗುವಿಗೆ ಇದು ಹೊಸದಾಗಿ ತೋರದು. ಆದರೆ ಒಂದು ಮಾತನ್ನು ಮರೆಯಬಾರದು. ಈ ಅಭ್ಯಾಸವು ಮನಸ್ಸು ಶಾಂತವಾಗಿರುವ ದಿನಗಳಲ್ಲಿಯೇ ನಡೆದಿರಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವೇನು?

ನಿದ್ರೆಯೂ ಅಷ್ಟೇ ಮುಖ್ಯ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ೯ರಿಂದ ೧೨ ಗಂಟೆಗಳ ನಿದ್ರೆಯೂ, ಹದಿಮೂರರಿಂದ ಹದಿನೆಂಟು ವರ್ಷದವರಿಗೆ ೮ರಿಂದ ೧೦ ಗಂಟೆಗಳ ನಿದ್ರೆಯೂ ಬೇಕೆಂದು ವೈದ್ಯರು ಹೇಳುತ್ತಾರೆ. ನಡುರಾತ್ರಿಯವರೆಗೆ ಓದಿಸಿ, ನಾಲ್ಕು ಗಂಟೆಗೆ ಎಬ್ಬಿಸಿ, ನಡುವೆ ಚಹಾ ಕುಡಿಸಿ ಮಗುವನ್ನು ಎಚ್ಚರದಲ್ಲಿರಿಸುವುದು ಓದಿಗೆ ಮಾಡುವ ಸಹಾಯವಲ್ಲ. ಹಾಸಿಗೆಯ ಪಕ್ಕದಲ್ಲಿ ಮೊಬೈಲನ್ನು ಇಡಗೊಡುವುದೂ ಹಿತವಲ್ಲ.

ತಾಪ: ಮನಸ್ಸಿನ ಬೇಗೆ

ಬೇಗೆಯು ಆರಬೇಕಾದರೆ ಅದಕ್ಕೆ ಹೊರಹೋಗುವ ದಾರಿ ಬೇಕು. ಮಗುವಿನ ಬೇಗೆಗೆ ದಾರಿಯೆಂದರೆ ಮಾತು. ಮಾತಿಗೆ ಬೇಕಾದುದು ಕೇಳುವ ಕಿವಿ.

ಇಲ್ಲಿ ವಚನಕಾರರ ನಡೆಯನ್ನು ನೆನೆಯಬೇಕು. ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರವನ್ನು ಆಳಿದವರು, ಕಲ್ಯಾಣದ ಶರಣಸಮೂಹಕ್ಕೆ ಆಧಾರವಾಗಿದ್ದವರು. ಅಂಥವರು ತಮ್ಮ ಮನಸ್ಸಿನ ಚಂಚಲತೆಯನ್ನು ಬಚ್ಚಿಡಲಿಲ್ಲ. ಅದನ್ನು ನೆಲೆನಿಲ್ಲದ ಕೋತಿಗೆ ಹೋಲಿಸಿ, ತಮ್ಮ ಕುಂದುಕೊರತೆಗಳನ್ನೂ ತಳಮಳವನ್ನೂ ಕೂಡಲಸಂಗಮದೇವನ ಮುಂದೆ ತೆರೆದಿಟ್ಟರು. ಅವರ ವಚನಗಳಲ್ಲಿ ಭಕ್ತಸ್ಥಲದ ಅನೇಕ ವಚನಗಳು ಇಂಥ ನಿವೇದನೆಗಳೇ ಆಗಿವೆ. ತಳಮಳವನ್ನು ಹೇಳಿಕೊಂಡುದರಿಂದ ಅವರ ಭಕ್ತಿಗೆ ಊನವೇನೂ ಬರಲಿಲ್ಲ. ಹೇಳಿಕೊಳ್ಳುವುದೇ ಭಕ್ತಿಯ ಮೊದಲ ಮೆಟ್ಟಿಲಾಯಿತು. ಹಿರಿಯರಿಗೆ ಸಲ್ಲುವ ಈ ಸಲಿಗೆಯು ಹದಿನೈದು ವರ್ಷದ ಮಗುವಿಗೆ ಸಲ್ಲಬಾರದೇಕೆ?

ಅನುಭವಮಂಟಪದ ಪರಂಪರೆಯೂ ಇದನ್ನೇ ಹೇಳುವುದು. ಅಲ್ಲಿ ದೋಣಿ ನಡೆಸುವ ಚೌಡಯ್ಯನವರೂ, ಬಟ್ಟೆ ಮಡಿಮಾಡುವ ಮಾಚಯ್ಯನವರೂ, ಹಗ್ಗ ಹೊಸೆಯುವ ಚಂದಯ್ಯನವರೂ ತಮ್ಮ ಸಂದೇಹಗಳನ್ನು ನಿಸ್ಸಂಕೋಚವಾಗಿ ಆಡಿದರು. ಪೀಠದಲ್ಲಿದ್ದ ಅಲ್ಲಮಪ್ರಭುಗಳು ಕೇಳಿ, ಮರುಪ್ರಶ್ನೆಯನ್ನಿಟ್ಟು, ಅವರವರ ಅರಿವನ್ನು ಅವರವರಿಂದಲೇ ಹೊರತೆಗೆದರು. ಮನೆಯಲ್ಲಿ ರಾತ್ರಿಯ ಪ್ರಸಾದವಾದ ಬಳಿಕ ಕಾಲುಗಂಟೆ ಇಂಥದೊಂದು ಕಿರುಮಂಟಪವು ಕೂಡಲಿ. ತಾಯಿಯು, ಇಂದು ಏನು ಕಷ್ಟವೆನಿಸಿತಪ್ಪಾ ಎಂದು ಕೇಳಲಿ. ಮಗನು, ಗಣಿತವೆಂದರೆ ಜೀವ ಹಾರುತ್ತದೆ ಅವ್ವಾ ಎಂದನೆನ್ನೋಣ. ಆಗ ಉಪದೇಶಕ್ಕೆ ಅವಸರ ಬೇಡ. ನೆರೆಮನೆಯ ಮಗುವಿನ ಅಂಕಗಳ ಮಾತೂ ಬೇಡ. ಗಣಿತದಲ್ಲಿ ಯಾವ ಭಾಗ, ಯಾವಾಗಿನಿಂದ, ಆಗ ಏನಾಗುತ್ತದೆ ಎಂದು ಮೆಲ್ಲಗೆ ಕೇಳಿದರೆ ಸಾಕು. ಹೆಸರಿಲ್ಲದ ಭಯವು ದೊಡ್ಡದು. ಹೆಸರು ಹಿಡಿದು ಕರೆದ ಭಯವು ಅಷ್ಟು ದೊಡ್ಡದಾಗಿ ಉಳಿಯದು.

ಶಂಕೆ: ನಾಳೆಯ ಚಿಂತೆ

ಆತಂಕಗೊಂಡ ಬುದ್ಧಿಯು ನಾಳೆಯಲ್ಲಿಯೇ ವಾಸಿಸುವುದು. ನಪಾಸಾದರೆ? ಅಪ್ಪ ಏನೆಂದಾರು? ಗೆಳೆಯರು ನಕ್ಕರೆ? ಹೀಗೆ ಒಂದು ಶಂಕೆಯು ಇನ್ನೊಂದನ್ನು ಹೆರುವುದು. ಇದಕ್ಕೆ ಔಷಧವು ಕಾಯಕತತ್ತ್ವದಲ್ಲಿದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯು ಎಲ್ಲರಿಗೂ ತಿಳಿದುದೇ. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದರು. ಇಂದಿನ ಕಾಯಕವು ಇಂದಿಗೆ ಎಂಬುದು ಅವರ ನಿಲುವು. ಮಗುವಿನ ಓದೂ ಒಂದು ಕಾಯಕವೇ. ಇಡೀ ವರ್ಷದ ಪಾಠವನ್ನು ಒಂದೇ ರಾತ್ರಿಯಲ್ಲಿ ಹೊರಲು ಹೊರಟ ಮಗುವಿಗೆ ಲಕ್ಕಮ್ಮನವರ ಮಾತಿನ ಸಾರವನ್ನು ಹೇಳಬೇಕು. ಇಂದು ಎರಡು ಪಾಠ, ನಾಳೆ ಎರಡು ಪಾಠ. ಇಂದಿನದು ಮುಗಿದ ಮೇಲೆ ಪುಸ್ತಕವನ್ನು ಮಡಚಿಡುವ ಹಕ್ಕು ಮಗುವಿಗಿದೆ.

ಶಂಕೆಯನ್ನು ಸತ್ಯದೆದುರು ನಿಲ್ಲಿಸಿ ಪರೀಕ್ಷಿಸುವುದನ್ನೂ ಕಲಿಸಬೇಕು. ಈ ಪರೀಕ್ಷೆ ಹೋದರೆ ಬದುಕೇ ಹೋಯಿತೆಂದು ಎಷ್ಟೋ ಮಕ್ಕಳು ನಂಬಿರುವರು. ಕರ್ನಾಟಕದಲ್ಲಿ ೨೦೨೪ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆದು, ಬಂದುದರಲ್ಲಿ ಹೆಚ್ಚಿನ ಅಂಕಗಳನ್ನು ಉಳಿಸಿಕೊಳ್ಳುವ ಏರ್ಪಾಡು ಬಂದಿದೆ. ಈ ಸಂಗತಿಯನ್ನು ಮಗುವಿಗೆ ಫಲಿತಾಂಶದ ಮೊದಲೇ ತಿಳಿಸಬೇಕು. ಅದಕ್ಕಿಂತ ಮೊದಲು ತಾಯಿತಂದೆಗಳು ತಾವೇ ಅದನ್ನು ನಂಬಬೇಕು. ಹಿರಿಯರ ಮುಖದ ಮೇಲಿನ ಗಾಬರಿಯನ್ನು ಮಗುವು ಪುಸ್ತಕಕ್ಕಿಂತ ಚೆನ್ನಾಗಿ ಓದಬಲ್ಲದು. ಮಗುವಿಗೆ ಮೊದಲ ಸ್ಥಾನ ಬಂದರೆ ದೇವರಿಗೆ ಇಂಥದನ್ನು ಮಾಡಿಸುವೆನೆಂದು ಮಗುವಿನೆದುರಿಗೇ ಹರಕೆ ಹೊತ್ತರೆ, ದೇವರ ಋಣವನ್ನೂ ಮಗುವಿನ ತಲೆಯ ಮೇಲೆ ಹೊರಿಸಿದಂತಾಗುವುದು.

ಅಡ್ಡಿ: ನಿಂತ ಹೆಜ್ಜೆ

ಭಯಪಡಿಸುವ ವಸ್ತುವನ್ನು ಬಿಟ್ಟು ದೂರ ಸರಿದರೆ ಒಡನೆಯೇ ಹಾಯೆನಿಸುವುದು. ಈ ಹಾಯೆಂಬುದೇ ಮೋಸ. ಒಂದು ದಿನ ಶಾಲೆ ತಪ್ಪಿಸಿದ ಮಗುವಿಗೆ ಮರುದಿನ ಶಾಲೆಯು ಇಮ್ಮಡಿ ಭಯಂಕರವಾಗಿ ತೋರುವುದು. ತರಗತಿಯಲ್ಲಿ ಎದ್ದುನಿಂತು ಓದಲು ಅಂಜುವ ಹುಡುಗಿಯನ್ನು ಎಂದೂ ಓದಿಸದೆ ಬಿಟ್ಟರೆ ಆ ಅಂಜಿಕೆಯು ಗಟ್ಟಿಯಾಗುವುದು. ಹಾಗೆಂದು ಆಕೆಯನ್ನು ಏಕಾಏಕಿ ಸಾವಿರ ಜನರ ಸಭೆಯಲ್ಲಿ ನಿಲ್ಲಿಸುವುದೂ ಸಲ್ಲದು. ದಾರಿಯು ಇವೆರಡರ ನಡುವೆ ಇದೆ.

ಅಮೆರಿಕದ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ೧೯೨೪ರಲ್ಲಿ ಪ್ರಕಟಿಸಿದ ಒಂದು ಲೇಖನವು ಈ ದಾರಿಯನ್ನು ತೋರುವುದು. ಮೂರು ವರ್ಷದ ಆಸುಪಾಸಿನ ಬಾಲಕನೊಬ್ಬನು ಮೊಲವನ್ನು ಕಂಡರೆ ಅಂಜುತ್ತಿದ್ದನು. ಆಕೆಯು ಅವನಿಗೆ ಪ್ರಿಯವಾದ ತಿನಿಸನ್ನು ಕೊಟ್ಟು ಕುಳ್ಳಿರಿಸಿ, ಮೊಲದ ಪಂಜರವನ್ನು ಅವನು ಸಹಿಸಬಲ್ಲಷ್ಟು ದೂರದಲ್ಲಿರಿಸಿದಳು. ಬರಬರುತ್ತ ಸಮೀಪಕ್ಕೆ ತಂದಳು. ಮೊಲಕ್ಕೆ ಅಂಜದ ಬೇರೆ ಮಕ್ಕಳನ್ನೂ ಅವನೊಡನೆ ಆಡಲು ಬಿಟ್ಟಳು. ಕೊನೆಗೆ ಆ ಬಾಲಕನು ಮೊಲವು ತನ್ನ ಬೆರಳುಗಳನ್ನು ಮೆಲ್ಲಗೆ ಕಚ್ಚಿದರೂ ಅಂಜದಾದನು. ಇಲ್ಲಿ ಗದರಿಕೆಯಿಲ್ಲ, ಬಲವಂತವಿಲ್ಲ, ಬಿಟ್ಟುಬಿಡುವುದೂ ಇಲ್ಲ.

ಓದಲು ಅಂಜುವ ಹುಡುಗಿಯು ಮೊದಲು ತಾಯಿಯೆದುರು ಒಂದು ವಚನವನ್ನು ಓದಲಿ. ಬಳಿಕ ಇಬ್ಬರು ಗೆಳತಿಯರ ಮುಂದೆ, ಬಳಿಕ ತರಗತಿಯಲ್ಲಿ, ಕೊನೆಗೆ ಮಠದ ಶಿವಾನುಭವಗೋಷ್ಠಿಯಲ್ಲಿ. ಒಂದು ಮೆಟ್ಟಿಲಲ್ಲಿ ನಡುಕವು ತಗ್ಗುವವರೆಗೆ ಮುಂದಿನದಕ್ಕೆ ಏರಿಸಬಾರದು. ಷಟ್‌ಸ್ಥಲ ಮಾರ್ಗವೂ ಭಕ್ತನಿಂದ ಐಕ್ಯದವರೆಗೆ ಮೆಟ್ಟಿಲು ಮೆಟ್ಟಿಲಾಗಿಯೇ ಏರುವುದಲ್ಲವೇ?

ಅಕ್ಕಮಹಾದೇವಿಯವರ ಪ್ರಸಿದ್ಧ ವಚನವೊಂದರಲ್ಲಿ ಕಾಡುಮೃಗಗಳಿರುವಲ್ಲಿ, ತೆರೆಗಳಿರುವಲ್ಲಿ, ಗದ್ದಲವಿರುವಲ್ಲಿ ನೆಲೆಸಿದವರ ದೃಷ್ಟಾಂತಗಳಿವೆ. ಲೋಕದಲ್ಲಿ ಬಾಳುವವರಿಗೆ ಹೊಗಳಿಕೆ ತೆಗಳಿಕೆಗಳು ಬಂದೇ ಬರುವವು, ಅವುಗಳ ನಡುವೆಯೇ ಸಮಾಧಾನವನ್ನು ಕಲಿಯಬೇಕು ಎಂಬುದು ಅದರ ತಾತ್ಪರ್ಯ. ಅಕ್ಕನವರು ಇದನ್ನು ತಮ್ಮ ನಡೆಯಲ್ಲಿಯೇ ತೋರಿದವರು. ಅಂಜುವ ಮಗುವಿಗೆ ಈ ವಚನವನ್ನು ಆಜ್ಞೆಯಾಗಿ ಹೇಳದೆ, ದಾರಿಯಲ್ಲಿ ಜೊತೆಗೆ ನಡೆಯುವ ಅಕ್ಕನ ಮಾತಾಗಿ ಹೇಳಬೇಕು.

ವೈದ್ಯರ ನೆರವು

ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ಮಗುವು ಉಣ್ಣದೆ, ನಿದ್ರಿಸದೆ, ಶಾಲೆಗೆ ಹೋಗದೆ, ಗೆಳೆಯರೊಡನೆ ಸೇರದೆ ಇದ್ದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಏಳು ಮಂದಿಗೆ ಒಬ್ಬರಂತೆ ಯಾವುದಾದರೊಂದು ಮಾನಸಿಕ ತೊಂದರೆಯಿರುವುದು. ಆದುದರಿಂದ ಇದರಲ್ಲಿ ಮನೆತನದ ಮಾನ ಹೋಗುವಂಥದೇನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ೧೯೯೬ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂಥ ಚಿಕಿತ್ಸೆಯು ಹಳ್ಳಿಯವರಿಗೂ ದೊರೆಯಲೆಂಬುದೇ ಅದರ ಗುರಿ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯ ೧೪೪೧೬ ಸಂಖ್ಯೆಗೆ ಹಗಲಿರುಳು ಯಾವಾಗಲಾದರೂ ಕರೆಮಾಡಿ, ಹಣವಿಲ್ಲದೆ, ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಬದುಕಿ ಪ್ರಯೋಜನವಿಲ್ಲ, ಸತ್ತರೆ ಸಾಕು ಎಂಬ ಮಾತು ಮಗುವಿನ ಬಾಯಿಂದ ಬಂದರಂತೂ ಅದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. ಆ ಕ್ಷಣದಿಂದ ಮಗುವನ್ನು ಒಂಟಿಯಾಗಿ ಬಿಡದೆ, ಬೈಯದೆ, ಅಂದೇ ವೈದ್ಯರಿಗೆ ತೋರಿಸಬೇಕು. ಔಷಧವನ್ನು ಕೊಟ್ಟರೆ ವಿಭೂತಿ ಧರಿಸುವ ಹಣೆಗೆ ಅದು ಬೇಡವೆನ್ನಬಾರದು. ವೈದ್ಯವೂ ಕಾಯಕವೇ, ಅದನ್ನು ಸ್ವೀಕರಿಸುವುದು ಭಕ್ತಿಗೆ ವಿರೋಧವಲ್ಲ.

ಪಾಠದ ಸಾರ

ದೇಹದ ಬೇನೆಗೆ ಉಸಿರು ಮತ್ತು ನಿದ್ರೆ. ಮನಸ್ಸಿನ ಬೇಗೆಗೆ ಕೇಳುವ ಕಿವಿ. ನಾಳೆಯ ಶಂಕೆಗೆ ಇಂದಿನ ಕಾಯಕ. ನಿಂತ ಹೆಜ್ಜೆಗೆ ಚಿಕ್ಕ ಮೆಟ್ಟಿಲು. ಇವೆಲ್ಲವನ್ನೂ ಮೀರಿದುದಕ್ಕೆ ವೈದ್ಯ. ಕೊರಳಲ್ಲಿರುವ ಇಷ್ಟಲಿಂಗವು ಅಂಜಿದ ಮಗುವನ್ನು ಶಿಕ್ಷಿಸಲು ಬಂದುದಲ್ಲ. ಅಂಜಿಕೆಯನ್ನು ಹೇಳಿಕೊಳ್ಳಲು ಮಗುವಿಗೆ ಎಂದೂ ಬಿಟ್ಟಗಲದ ಸಂಗಾತಿಯಾಗಿ ಬಂದುದು. ಮಗುವು ಅಲ್ಲಿ ಹೇಳಿಕೊಂಡುದನ್ನು ಮನೆಯ ಹಿರಿಯರಲ್ಲಿಯೂ ಧೈರ್ಯವಾಗಿ ಹೇಳಿಕೊಳ್ಳುವಂತಾದರೆ ಆ ಮನೆಯು ಮಹಾಮನೆಯಾಗುವುದು. ಈ ಮಾಸದಲ್ಲಿ ಪ್ರತಿಯೊಬ್ಬ ತಾಯಿತಂದೆಯೂ ಪ್ರತಿಯೊಬ್ಬ ಉಪಾಧ್ಯಾಯನೂ ಒಂದು ಮಗುವಿನ ಅಂಜಿಕೆಯನ್ನು ನಡುವೆ ಬಾಯಿ ಹಾಕದೆ ಪೂರ್ತಿಯಾಗಿ ಕೇಳಲಿ. ಶರಣರು ಕೊಟ್ಟ ಅಭಯವು ಮಕ್ಕಳಿಗೆ ಮುಟ್ಟುವುದು ಈ ಕಿವಿಯ ಮೂಲಕವೇ.