ಒಂದು ಗ್ರಾಂ ರಂಜಕ, ಒಂದು ಹಸಿರು ಕೆರೆ

ಪಾಚಿ ಹಗಲಿಡೀ ಆಮ್ಲಜನಕ ಬಿಡುತ್ತೆ. ಹಾಗಾದ್ರೆ ಪಾಚಿ ತುಂಬಿದ ಕೆರೆಯಲ್ಲಿ ಮೀನು ಸಾಯೋದ್ಯಾಕೆ? 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ, ನೀರಿನಲ್ಲಿ ಆಮ್ಲಜನಕ ಕುಸಿದದ್ದೇ ಕಾರಣ ಎಂದು ವರದಿಯಾಗಿತ್ತು. ಬನ್ನಿ, ಲೆಕ್ಕ ಹಾಕೋಣ.

ಪಾಚಿಯ ದೇಹದಲ್ಲಿ ಸರಾಸರಿ 106 ಇಂಗಾಲದ ಪರಮಾಣುಗಳಿಗೆ 16 ಸಾರಜನಕ, 1 ರಂಜಕ ಇರುತ್ತವೆ. ಇದೇ ರೆಡ್‌ಫೀಲ್ಡ್ ಅನುಪಾತ. ಈ ಪ್ರಕಾರ 1 ಗ್ರಾಂ ರಂಜಕದಿಂದ ಸುಮಾರು 115 ಗ್ರಾಂ ಒಣತೂಕದ ಪಾಚಿ ಬೆಳೆಯಬಹುದು. ಅದು ಸತ್ತು ಪೂರ್ತಿ ಕೊಳೆಯಲು ಸುಮಾರು 140 ಗ್ರಾಂ ಆಮ್ಲಜನಕ ಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳೋದು ಸುಮಾರು 8 ಮಿಲಿಗ್ರಾಂ ಅಷ್ಟೇ. ಅಂದರೆ ಒಂದೇ ಗ್ರಾಂ ರಂಜಕ 17,500 ಲೀಟರ್ ನೀರಿನ ಆಮ್ಲಜನಕವನ್ನು ನುಂಗಬಲ್ಲದು!

ಆಳವಿಲ್ಲದ ಕೆರೆಯಲ್ಲಿ ಸಮಸ್ಯೆ ಇನ್ನೂ ಜಾಸ್ತಿ. ಗಾಳಿ ಬೀಸಿದರೆ ತಳದ ಹೂಳು ಕದಡಿ, ಅದರಲ್ಲಿ ಕೂತಿದ್ದ ರಂಜಕ ಮತ್ತೆ ನೀರಿಗೆ ಬರುತ್ತದೆ. ಪಾಚಿ ದಟ್ಟವಾದಂತೆ ತನ್ನ ನೆರಳಿನಿಂದ ತಾನೇ ಬೆಳಕು ತಡೆಯುತ್ತದೆ. ಮೇಲ್ಪದರದಲ್ಲಿ ಮಾತ್ರ ಉತ್ಪಾದನೆ, ಕೆಳಗೆ ಬರೀ ಉಸಿರಾಟ. ರಾತ್ರಿ ಇಡೀ ಕೆರೆಯೇ ಉಸಿರಾಡುತ್ತದೆ. ಹಾಗಾಗಿ ಮೀನಿಗೆ ಕುತ್ತು ಬರೋದು ಹೆಚ್ಚಾಗಿ ಬೆಳಗಿನ ಜಾವ. ಮಧ್ಯಾಹ್ನ ಅಳೆದು "ಆಮ್ಲಜನಕ ಚೆನ್ನಾಗಿದೆ" ಅಂದ್ರೆ ಅರ್ಧ ಸತ್ಯವಷ್ಟೇ.

ಹಾಗಾದರೆ ಯಾವುದನ್ನು ತಡೆಯಬೇಕು? 1973ರಲ್ಲಿ ಕೆನಡಾದ 226ನೇ ಸಂಖ್ಯೆಯ ಸರೋವರವನ್ನು ಪರದೆ ಹಾಕಿ ಎರಡು ಭಾಗ ಮಾಡಿದರು. ಇಂಗಾಲ, ಸಾರಜನಕಗಳನ್ನು ಎರಡೂ ಕಡೆ ಹಾಕಿದರು; ರಂಜಕವನ್ನು ಒಂದೇ ಕಡೆ. ಹಸಿರಾಗಿದ್ದು ರಂಜಕ ಬಿದ್ದ ಕಡೆ ಮಾತ್ರ.

ಇಲ್ಲೇ ನಮ್ಮ ಕೆಲಸ ಇರೋದು. ಸಾಮಾನ್ಯ ಕೊಳಚೆ ಶುದ್ಧೀಕರಣ ಘಟಕಗಳನ್ನು ವಿನ್ಯಾಸ ಮಾಡೋದು ಮುಖ್ಯವಾಗಿ ಬಿಒಡಿ ಇಳಿಸಲು. ರಂಜಕ ತೆಗೆಯುವ ಪ್ರತ್ಯೇಕ ಹಂತ ಇಲ್ಲದಿದ್ದರೆ ಅದರ ದೊಡ್ಡ ಪಾಲು ತಿಳಿನೀರಿನ ಜೊತೆಗೇ ಕೆರೆ ಸೇರುತ್ತದೆ. ಕೆರೆ ಮಧ್ಯೆ ಕಾರಂಜಿ ಇಟ್ಟರೆ ಮೀನಿಗೆ ಸ್ವಲ್ಪ ಉಸಿರು ಸಿಗಬಹುದು, ರಂಜಕ ಮಾತ್ರ ಅಲ್ಲೇ ಇರುತ್ತೆ. ಮುಂದೆ ನಾವು ಯಾವುದಾದರೂ ಘಟಕದ ನಕ್ಷೆ ನೋಡುವಾಗ ಮೊದಲು ಕೇಳಬೇಕಾದ್ದು ಇದು: ಒಳಬಂದ ರಂಜಕ ಕೊನೆಗೆ ಹೋಗೋದೆಲ್ಲಿಗೆ?